ನಂಬದವಳ ಗುಡ್ಡ

ಕೆಂಬಾರೆಯ ಸೀಮೆಗೆ ಈಗ ರಾಷ್ಟ್ರೀಯ ಉದ್ಯಾನವೆಂಬ ಹೆಸರು ಬಂದಿದೆ. ಉದ್ಯಾನವೆಂದ ಮಾತ್ರಕ್ಕೆ ಅಲ್ಲಿ ಹೂವು ಹಸಿರು ಹುಡುಕಬಾರದು. ಕಣ್ಣು ಹಾಯುವಷ್ಟು ದೂರವೂ ಕೆಂಪು ಬಂಡೆ, ಕಳ್ಳಿ, ಒಣಗಿದ ಜಾಲಿ, ನೀರು ಕಾಣದ ಹಳ್ಳಗಳ ಬಿಳಿ ಮರಳು. ಬೆಳಗಿನ ತಂಪಿನಲ್ಲಿ ಬಂದವರು ಅರಣ್ಯ ಇಲಾಖೆಯವರು ಗುರುತು ಮಾಡಿದ ಕಾಲುದಾರಿಗಳಲ್ಲಿ ಒಂದಷ್ಟು ನಡೆದು, ನರಿಯೋ ಹದ್ದೋ ಕಂಡರೆ ನೋಡಿ, ಬಿಸಿಲು ನೆತ್ತಿಗೇರುವ ಮುನ್ನ ಮರಳಿಬಿಡುತ್ತಾರೆ. ಆ ದಾರಿಗಳಲ್ಲಿ ಎಲ್ಲಕ್ಕಿಂತ ಉದ್ದನೆಯದು ಒಂದು ಬೋಳುಗುಡ್ಡದ ನೆತ್ತಿಯಲ್ಲಿ ಮುಗಿಯುತ್ತದೆ. ಅದೇ ನಂಬದವಳ ಗುಡ್ಡ. ಹೆಸರು ಕೇಳಿದವರು ದೇವರನ್ನು ನಂಬದ ಯಾವಳೋ ಒಬ್ಬಳ ಕಥೆ ಇರಬೇಕೆಂದುಕೊಳ್ಳುತ್ತಾರೆ. ಅವಳು ನಂಬದೆ ಹೋದದ್ದು ಒಡಹುಟ್ಟಿದ ಅಣ್ಣನನ್ನು ಎನ್ನುತ್ತಾರೆ ಸುತ್ತಲ ಊರುಗಳ ಹಿರಿಯರು.

ಹಿಂದೆ ಒಮ್ಮೆ, ಈ ಸೀಮೆಗೆ ದಾರಿಯೆಂಬುದೇ ಇಲ್ಲದ ಕಾಲದಲ್ಲಿ, ಗುಡ್ಡದ ಬುಡಕ್ಕೆ ಕುರುಬರ ಹಟ್ಟಿಯೊಂದಿತ್ತು. ಹೊಳೆಯ ದಂಡೆಯ ಊರಿನ ಮಾಳಪ್ಪ ತನ್ನ ಒಬ್ಬಳೇ ತಂಗಿ ಹುಲಿಗೆವ್ವನನ್ನು ಆ ಹಟ್ಟಿಯ ಬರಮಣ್ಣನಿಗೆ ಕೊಟ್ಟಿದ್ದ. ಆ ವರ್ಷ ಮಳೆ ಕೈಕೊಟ್ಟಿತು. ಪಂಚಮಿ ಹತ್ತಿರ ಬಂದಾಗ ತವರಿಗೆ ಕರೆತರುವ ನೆಪದಲ್ಲಿ ತಂಗಿಯನ್ನು ಆ ಸುಡುಗಾಡಿನಿಂದ ಬಿಡಿಸಿಕೊಂಡು ಬರಬೇಕೆಂದು ಮಾಳಪ್ಪ ಹೊರಟ. ಹೆಗಲಿಗೆ ನೀರಿನ ತೊಗಲುಚೀಲ, ಉಡಿಯಲ್ಲಿ ಅವ್ವ ಕಟ್ಟಿಕೊಟ್ಟ ಅರಳು ಮತ್ತು ತಂಬಿಟ್ಟು. ಹಟ್ಟಿ ಇನ್ನೂ ಅರ್ಧ ದಿನದ ದಾರಿ ಇರುವಾಗ, ಒಣಹಳ್ಳದ ಮಗ್ಗುಲಿನ ಬಂಡೆಯ ನೆರಳಲ್ಲಿ ಒಬ್ಬ ಮನುಷ್ಯ ಮಲಗಿದ್ದು ಕಂಡಿತು. ಹತ್ತಿರ ಹೋಗಿ ನೋಡಿದರೆ ಬರಮಣ್ಣ. ಸತ್ತು ಎಷ್ಟೋ ಹೊತ್ತಾಗಿತ್ತು. ಉಗುರುಗಳ ತುಂಬ ಹಳ್ಳದ ಮರಳಿತ್ತು, ನೀರಿಗಾಗಿ ಬಗೆದಿದ್ದ. ಮಾಳಪ್ಪ ಕೂತು ಅತ್ತ. ನರಿ ಮುಟ್ಟದಂತೆ ಹೆಣದ ಮೇಲೆ ಕಲ್ಲು ಪೇರಿಸಿದ. ಬರಮಣ್ಣನ ತೋಳಿನಲ್ಲಿದ್ದ ಬೆಳ್ಳಿ ಕಡಗ ಮದುವೆಯಲ್ಲಿ ತಾನೇ ತೊಡಿಸಿದ್ದು. ಸತ್ತವನ ಮೈಮೇಲಿನದನ್ನು ಬಿಚ್ಚಲು ಮನಸ್ಸು ಬಾರದೆ ಹಾಗೆಯೇ ಬಿಟ್ಟ.

ಹಟ್ಟಿಯಲ್ಲಿ ಉಳಿದವಳು ಹುಲಿಗೆವ್ವ ಒಬ್ಬಳೇ. ಮಿಕ್ಕವರೆಲ್ಲ ಕುರಿ ಹೊಡೆದುಕೊಂಡು ಹೊಳೆಯ ಕಡೆಗೆ ಹೋಗಿದ್ದರು. ಬರಮಣ್ಣ ಮಾತ್ರ, ಹಳ್ಳದಲ್ಲಿ ಇನ್ನೂ ನೀರಿದ್ದೀತು, ನೋಡಿ ಬರುತ್ತೇನೆ, ನಾನು ಬರುವ ತನಕ ಜಾಗ ಬಿಡಬೇಡ ಎಂದು ಹೆಂಡತಿಗೆ ಹೇಳಿ ಹೋಗಿದ್ದ. ಅಣ್ಣನನ್ನು ಕಂಡವಳೇ ಓಡಿಬಂದಳು. ತುಟಿ ಒಡೆದಿತ್ತು, ಕಣ್ಣುಗಳು ಒಳಗೆ ಸೇರಿದ್ದವು. ಅವ್ವ ಹೇಗಿದ್ದಾಳೆಂದು ಕೇಳಲಿಲ್ಲ.

"ದಾರ್‍ಯಾಗ ಅವರು ಕಂಡ್ರೇನಣ್ಣಾ?"

ಆ ಮುಖ ನೋಡಿ ಮಾಳಪ್ಪನ ನಾಲಿಗೆ ಹಿಂದೆಗೆಯಿತು. ಈ ಬಯಲಲ್ಲಿ ಹೇಳಿದರೆ ಇವಳು ಇಲ್ಲೇ ಬಿದ್ದಾಳು, ಮೊದಲು ಊರು ಮುಟ್ಟಲಿ, ಅವ್ವನ ಮಡಿಲಲ್ಲಿ ತಲೆಯಿಟ್ಟು ಅಳಲಿ ಎಂದುಕೊಂಡ. "ಇಲ್ಲವ್ವಾ, ಯಾರೂ ಕಾಣಲಿಲ್ಲ," ಎಂದ.

"ಹಂಗಾರ ಬೇರೆ ದಿಕ್ಕಿಗೆ ಹೋಗಿರಬೇಕು. ಇವತ್ತೋ ನಾಳೆಯೋ ಬರ್ತಾರ," ಎಂದಳು ಹುಲಿಗೆವ್ವ. ಅವಳ ಮುಖಕ್ಕೆ ಕಳೆ ಬಂತು. ಆ ಕಳೆ ನೋಡಿ ಮಾಳಪ್ಪನಿಗೆ ತಾನು ಎಂಥ ಕೆಲಸ ಮಾಡಿದೆನೆಂಬುದು ತಿಳಿಯಿತು.

ಮರುದಿನ ಬೆಳಿಗ್ಗೆ ಹೊರಡೋಣವೆಂದರೆ ಅವಳು ಏಳಲಿಲ್ಲ. ಗಂಡ ಬಂದಾಗ ಗುಡಿಸಲು ಬರಿದಾಗಿದ್ದರೆ ಅವನು ತನ್ನನ್ನು ಹುಡುಕುತ್ತ ಬಿಸಿಲಲ್ಲಿ ಸತ್ತಾನು ಎಂದಳು. ಬಂಡೆಯ ದೊಣೆಯಲ್ಲಿ ತಳಕ್ಕಂಟಿದ ಪಾಚಿನೀರು ಒಂದೆರಡು ಬೊಗಸೆ ಉಳಿದಿತ್ತು, ಅಷ್ಟೇ. ಮಾಳಪ್ಪ ಗದರಿಸಿದ, ಕಾಲು ಹಿಡಿದ. ಕೊನೆಗೆ ತಡೆಯಲಾರದೆ, "ತಂಗೆವ್ವ, ಬರಮಣ್ಣ ಇನ್ನಿಲ್ಲವ್ವಾ. ನಾನೇ ಕಲ್ಲು ಮುಚ್ಚಿ ಬಂದೀನಿ," ಎಂದುಬಿಟ್ಟ.

ಹುಲಿಗೆವ್ವ ಅವನನ್ನೇ ದಿಟ್ಟಿಸಿದಳು. "ನಿನ್ನೆ ಕಾಣಲಿಲ್ಲ ಅಂದಿ. ಇವತ್ತು ಸತ್ತಾನ ಅಂತೀ. ನನ್ನ ಕರಕೊಂಡು ಹೋಗಾಕ ನನ್ನ ಗಂಡನ್ನ ಸಾಯಿಸ್ತೀ ಏನಣ್ಣಾ?"

ಆಣೆ ಇಟ್ಟ. ಬೀರದೇವರ ಹೆಸರು ಹೇಳಿದ. ಅವಳು ಕಿವಿ ಮುಚ್ಚಿಕೊಂಡಳು. ಬೇರೆ ದಾರಿ ಕಾಣದೆ ಮಾಳಪ್ಪ, ತನ್ನ ನೀರಿನಲ್ಲಿ ಹೆಚ್ಚಿನ ಪಾಲನ್ನು ಅವಳ ಗಡಿಗೆಗೆ ಸುರಿದು, ಅವಳು ನಂಬುವಂಥ ಗುರುತು ತರಲೆಂದು ಬಂದ ದಾರಿಯಲ್ಲೇ ಹಿಂದಿರುಗಿದ. ಪೇರಿಸಿದ ಕಲ್ಲುಗಳನ್ನು ತಾನೇ ತೆಗೆದ. ಬರಮಣ್ಣನ ತೋಳಿನಿಂದ ಆ ಕಡಗ ಕಳಚುವಾಗ ಅವನು ಪಟ್ಟ ಪಾಡನ್ನು ಹಿರಿಯರು ಬಿಡಿಸಿ ಹೇಳುವುದಿಲ್ಲ. ಬಂಡೆ ಹತ್ತಿಳಿಯಲು ಎರಡೂ ಕೈ ಬೇಕಾಗಿದ್ದರಿಂದ ಕಡಗವನ್ನು ತನ್ನ ತೋಳಿಗೇ ಏರಿಸಿಕೊಂಡು ನಡೆದ.

ಇತ್ತ ಹುಲಿಗೆವ್ವ ದಾರಿ ನೋಡಲೆಂದು ಗುಡ್ಡದ ನೆತ್ತಿಗೆ ಏರಿದ್ದಳು. ಬಯಲಲ್ಲಿ ಬರುತ್ತಿರುವ ಗಂಡಸಿನ ಆಕಾರ ಕಂಡಿತು. ತೋಳಿನಲ್ಲಿ ಬೆಳ್ಳಿ ಬಿಸಿಲಿಗೆ ಥಳಕ್ಕೆಂದಿತು. ಅವಳು ಆ ಕಡಗವನ್ನು ಬಲ್ಲಳು. ನೆತ್ತಿಯಿಂದ ಕೂಗು ಹಾಕುತ್ತ, ಬರಿಗಾಲಲ್ಲಿ, ಬೀಳುತ್ತ ಏಳುತ್ತ ಇಳಿದುಬಂದಳು. ಅವಳು ನಗುತ್ತಿದ್ದಳು. ಮಾಳಪ್ಪನಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದಾಗ ತೋಳು ಮರೆಮಾಡಲು ಹೊತ್ತಿರಲಿಲ್ಲ. ಎದುರಿಗೆ ಬಂದು ಮುಖ ನೋಡಿದವಳು ನಿಂತಲ್ಲೇ ನಿಂತಳು.

"ಮೊದಲನೇ ದಿನಾನ ಹೇಳಿದ್ದರ ನಂಬತಿದ್ದೆ ಅಣ್ಣಾ," ಎಂದಳು. "ಅತ್ತು ನಿನ್ನ ಹಿಂದ ಬರತಿದ್ದೆ. ಈಗ ಊರ ಕಡೆ ಕಾಲು ಬರಂಗಿಲ್ಲ."

ಮತ್ತೆ ಗುಡ್ಡ ಹತ್ತಿ ಕೂತಳು. ಹೊತ್ತು ತರುವೆನೆಂದರೆ ಮಾಳಪ್ಪನ ಮೈಯಲ್ಲೂ ತ್ರಾಣವಿರಲಿಲ್ಲ. ಉಳಿದ ನೀರನ್ನು ಅವಳ ಪಕ್ಕದಲ್ಲಿಟ್ಟು, ಜನ ಕರೆದುಕೊಂಡು ಬರುತ್ತೇನೆಂದು ಹೊಳೆಯ ಕಡೆ ಓಡಿದ. ಎತ್ತು, ನೀರು, ಮಂದಿ ಎಲ್ಲವನ್ನೂ ತಂದ. ಅಷ್ಟರಲ್ಲಿ ಆಕೆ ಕೂತಂತೆಯೇ ಒರಗಿ ಹೋಗಿದ್ದಳು. ಇಟ್ಟ ನೀರು ಇಟ್ಟಂತೆಯೇ ಇತ್ತು. ಬಂದ ಮಂದಿಯೇ ಗುಡ್ಡಕ್ಕೆ ನಂಬದವಳ ಗುಡ್ಡ ಎಂದು ಹೆಸರಿಟ್ಟರು. ಮಾಳಪ್ಪ ಬದುಕಿರುವ ತನಕ ಆ ಹೆಸರನ್ನು ಬಾಯಲ್ಲಿ ಆಡಲಿಲ್ಲವಂತೆ. ಯಾರಾದರೂ ಆಡಿದರೆ ಎದ್ದು ಹೋಗುತ್ತಿದ್ದನಂತೆ.

ನೆತ್ತಿಯ ಮೇಲೆ ಇಂದು ಗುಡಿಯಿಲ್ಲ, ಕಲ್ಲಿನ ಮೂರ್ತಿಯಿಲ್ಲ. ಮೈ ಸವೆದ ಒಂದು ಚಪ್ಪಟೆ ಬಂಡೆ, ಅಲ್ಲಿಂದ ಕೆಳಗೆ ಕಾಣುವ ಬೆಳ್ಳಗಿನ ಹಳ್ಳ, ಅಷ್ಟೇ. ಅರ್ಧ ದಿನಕ್ಕೆಂದು ಬಂದವರು ಆ ದಾರಿಯ ನಡುವೆ ದಣಿದು ನಿಂತು, ಜೊತೆಗೆ ಬಂದ ಸ್ಥಳೀಯರನ್ನು ಇನ್ನೇನು ಬಂತೇ ಎಂದು ಕೇಳುತ್ತಾರೆ. ಬೇರೆ ಕಡೆಯ ಜನ ಇಂಥ ಹೊತ್ತಿನಲ್ಲಿ ಹೂಂ ಬಂದೇಬಿಟ್ಟಿತು ಎಂದು ಹುರಿದುಂಬಿಸುವುದುಂಟು. ಇಲ್ಲಿಯವರು ಹಾಗೆ ಹೇಳುವುದಿಲ್ಲ. ಕೇಳಿದವರು ಸಣ್ಣ ಮಕ್ಕಳಾದರೂ, ಅಳುತ್ತಿದ್ದರೂ, ಒಂದು ಕ್ಷಣ ಗುಡ್ಡದ ಕಡೆ ನೋಡಿ ಇದ್ದದ್ದನ್ನೇ ಹೇಳುತ್ತಾರೆ.

"ಇನ್ನೂ ದೂರ ಐತ್ರಿ. ಮುಂದ ನೆರಳೂ ಇಲ್ಲ."