ಮೇಲಿನ ಸಾಲು

ಶಿಷ್ಯ ಕೇಳಿದ: "ಗುರುಗಳೇ, ಒಂದೇ ಜಾಲತಾಣದಲ್ಲಿ ಎರಡು ತಂತ್ರಾಂಶಗಳನ್ನು ಇಟ್ಟಿದ್ದೇನೆ. ಯಾವ ವಿಳಾಸ ಯಾವುದಕ್ಕೆ ಹೋಗಬೇಕೆಂದು ಸಾಲು ಬರೆದಿದ್ದೇನೆ. ಸಾಲಿನಲ್ಲಿ ತಪ್ಪಿಲ್ಲ. ಆದರೂ ಹೊಸದರ ಪುಟ ಒಂದೂ ತೆರೆಯುವುದಿಲ್ಲ. ಏಕೆ?"

"ನಿನ್ನ ಸಾಲು ಎಲ್ಲಿದೆ?"

"ಕೆಳಗೆ."

"ಮೇಲೆ?"

"ನೀವು ಬರೆದದ್ದು."

"ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ದಿಕ್ಕಿಲ್ಲದವರನ್ನು ಸಾಕುವ ಒಂದು ಆಶ್ರಮವಿತ್ತು. ಅದಕ್ಕೊಂದು ಜಾಲತಾಣ. ಅದರ ತುಂಬ ಸಮಾರಂಭದ ಚಿತ್ರಗಳು. ಆಮೇಲೆ ಅದೇ ತಾಣದೊಳಗೆ ಇನ್ನೊಂದು ತಂತ್ರಾಂಶ ಸೇರಿಸಿದರು. ಬೀದಿಯಲ್ಲಿ ಸಿಕ್ಕ ಒಬ್ಬೊಬ್ಬರಿಗೂ ಅದರಲ್ಲಿ ಒಂದು ಪುಟ, ಒಂದು ಫೋಟೋ. ಮನೆಯವರು ಗುರುತಿಸಿ ಬರಲಿ ಎಂದು.

ಸೇರಿಸಿದವನು ಒಬ್ಬ ಕೆಲಸಗಾರ. ಯಾವ ವಿಳಾಸ ಎಲ್ಲಿಗೆ ಎಂದು ಬರೆದಿಡುವ ಕಡತದ ಮೊದಲ ಸಾಲು ಅವನ ಗುರುವಿನದು: ಯಾವ ವಿಳಾಸ ಕೇಳಿದರೂ ಹಳೆಯ ತಂತ್ರಾಂಶಕ್ಕೆ ಕಳುಹಿಸು. ಅದನ್ನು ಬರೆದಾಗ ಇದ್ದದ್ದು ಅದೊಂದೇ. ತಾಣವನ್ನು ನಡೆಸುವ ಯಂತ್ರ, ಸರ್ವರ್, ಕಡತವನ್ನು ಮೇಲಿನಿಂದ ಓದುತ್ತದೆ. ಹೊಂದುವ ಸಾಲು ಸಿಕ್ಕ ಕೂಡಲೇ ನಿಲ್ಲುತ್ತದೆ. ಕೆಲಸಗಾರ ತನ್ನ ಸಾಲನ್ನು ಕೆಳಗೆ ಬರೆದ.

ಜೊತೆಯವನು ಹೇಳಿದ: "ಮೇಲಕ್ಕೆ ಹಾಕು ಮಾರಾಯ, ಮುಗಿಯಿತು."

"ಗುರುಗಳ ತಲೆಯ ಮೇಲೆ ಕೂರಲೇ?"

"ಹಾಗಾದರೆ ಅವರನ್ನೇ ಕೇಳು."

"ಕೇಳಿದರೆ ಅವರದು ತಪ್ಪು ಎಂದಂತಾಗುತ್ತದೆ."

ಅವನು ತನ್ನ ಸಾಲನ್ನೇ ತಿದ್ದಿದ. ಮತ್ತೆ ತಿದ್ದಿದ. ಸಾಲು ಬಹಳ ಚೆನ್ನಾಯಿತು. ಸರ್ವರ್ ಅಲ್ಲಿಯವರೆಗೆ ಬರಲೇ ಇಲ್ಲ.

ದೂರದ ಊರಿನಲ್ಲಿ ಒಬ್ಬ ನೇಕಾರ. ಅವನ ಹೆಂಡತಿ ನೀಲವ್ವನಿಗೆ ನೆನಪು ಹೋಗಿತ್ತು. ಒಂದು ದಿನ ಮನೆಯಿಂದ ಹೊರಟವಳು ತಿರುಗಿ ಬರಲಿಲ್ಲ. ಹೆಸರು ಹೇಳಲಾಗದ ಹೆಂಗಸೊಬ್ಬಳು ಆಶ್ರಮದಲ್ಲಿದ್ದಾಳೆ ಎಂದು ಠಾಣೆಯವರು ನೇಕಾರನಿಗೆ ಅವಳ ಪುಟದ ವಿಳಾಸ ಕೊಟ್ಟರು. ಅವನು ಕಂಪ್ಯೂಟರ್ ಅಂಗಡಿಗೆ ಹೋದ. ವಿಳಾಸ ಒತ್ತಿದರೆ ಹಳೆಯ ಮುಖಪುಟ ಬಂತು. ದೀಪ ಹಚ್ಚುವವರು, ಶಾಲು ಹೊದ್ದವರು, ಸುಸ್ವಾಗತ. ತಪ್ಪಾಗಿದೆ ಎಂದು ಯಂತ್ರ ಹೇಳಲಿಲ್ಲ.

ಅಂಗಡಿಯವನು ಹೇಳಿದ: "ಅಜ್ಜಾ, ಇದ್ದಿದ್ದರೆ ಪುಟ ಬರುತ್ತಿತ್ತು. ಇರುವವರು ಇವರೇ. ಈ ಶಾಲಿನವರಲ್ಲಿ ನಿನ್ನವಳು ಇದ್ದಾಳೆಯೇ, ನೋಡು."

"ಇಷ್ಟು ಒಳ್ಳೆಯ ಶಾಲು ಅವಳು ಹೊದ್ದವಳಲ್ಲ."

ಮತ್ತೂ ಕೆಲವು ಸಲ ಬಂದ. ಅದೇ ದೀಪ, ಅದೇ ಶಾಲು. ಬರುವುದನ್ನು ಬಿಟ್ಟ.

ಮಳೆಗಾಲ ಕಳೆಯುವುದರೊಳಗೆ ನೀಲವ್ವ ಸತ್ತಳು. ಆಶ್ರಮದವರೇ ಮಣ್ಣು ಮಾಡಿದರು. ಠಾಣೆಯವರು ಈ ಸಲ ಫೋಟೋವನ್ನೇ ತಂದು ನೇಕಾರನಿಗೆ ತೋರಿಸಿದರು. ಅವನು ಯಾರದೋ ಕೈ ಹಿಡಿದು ಆಶ್ರಮಕ್ಕೆ ಬಂದು ಕೆಲಸಗಾರನ ಮುಂದೆ ನಿಂತ.

"ನಿಮ್ಮ ತಾಣದಲ್ಲಿ ಎಷ್ಟು ಹುಡುಕಿದೆನಪ್ಪ. ಇವಳು ಯಾಕೆ ಇರಲಿಲ್ಲ?"

ಕೆಲಸಗಾರ ಹೇಳಿದ: "ಇದ್ದರು."

ನೇಕಾರನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಕೇಳಿದ. ಕೆಲಸಗಾರ ಇನ್ನೊಮ್ಮೆ ಹೇಳಿದ: "ಇದ್ದರು."

ಗುರುಗಳು ನಿಲ್ಲಿಸಿದರು.

ಶಿಷ್ಯ ಕೇಳಿದ: "ಆಮೇಲಾದರೂ ಗುರುವಿನ ಸಾಲನ್ನು ಕೆಳಗಿಳಿಸಿದನೇ?"

ಗುರುಗಳು ಹೇಳಿದರು: "ಅಷ್ಟರಲ್ಲಿ ಅವನ ಗುರು ತೀರಿಕೊಂಡಿದ್ದ, ಬದುಕಿದ್ದಾಗ ಇಳಿಸದ ಸಾಲನ್ನು ಸತ್ತ ಮೇಲೆ ಯಾರು ಇಳಿಸುತ್ತಾರೆ?"