ದರ್ಜಿ ಹಾಕಿದ ಹೊಸ ವೈರು

"ಬುದ್ಧಿ, ನಾನು ಕೇಳಿದ ಕ್ಷಮೆಯಲ್ಲಿ ಏನು ಕೊರತೆಯಿತ್ತು?" ಎಂದು ಪುಟ್ಟಬಸಪ್ಪ ಗುರುಗಳನ್ನು ಕೇಳಿದ.

ಪುಟ್ಟಬಸಪ್ಪ ಮಠಕ್ಕೆ ನಡೆದುಕೊಳ್ಳುವ ಶಿಷ್ಯ, ಐವತ್ತರ ಆಸುಪಾಸಿನವನು. ತಂಗಿಯ ಮದುವೆಯ ಚಪ್ಪರದಲ್ಲಿ ತಾನು ಆಡಿದ ಒಂದು ಒರಟು ಮಾತಿನಿಂದ ಅವನಿಗೂ ಅವನ ಅಣ್ಣನಿಗೂ ಆರು ವರ್ಷ ಮಾತು ನಿಂತಿತ್ತು. ನಾಲ್ಕು ತಿಂಗಳ ಹಿಂದೆ ಅವನೇ ಹೋಗಿ ಅಣ್ಣನ ಕಾಲು ಹಿಡಿದ. ಅಣ್ಣ ಎತ್ತಿ ತಬ್ಬಿಕೊಂಡ. ಇಬ್ಬರೂ ಅತ್ತರು, ಜೊತೆಗೆ ಕುಳಿತು ಉಂಡರು. ಅಲ್ಲಿಂದ ಈಚೆಗೆ ಪುಟ್ಟಬಸಪ್ಪ ದಿನಾ ಬೆಳಿಗ್ಗೆ ಅಣ್ಣನ ಮನೆಯ ಜಗಲಿಗೆ ಹೋಗಿ, ತನ್ನ ಮೇಲೆ ಇನ್ನೂ ಬೇಸರ ಉಳಿದಿಲ್ಲ ತಾನೆ ಎಂದು ಕೇಳುತ್ತಿದ್ದ. ಅಣ್ಣ ಮೊದಮೊದಲು ನಗುತ್ತ ಇಲ್ಲವೆನ್ನುತ್ತಿದ್ದ. ಆಮೇಲೆ ಪೇಪರಿನಿಂದ ತಲೆ ಎತ್ತದೆ ಇಲ್ಲವೆನ್ನತೊಡಗಿದ. ಈ ವಾರ ಉತ್ತರವನ್ನೇ ಕೊಡದೆ ಎದ್ದು ಒಳಗೆ ಹೋಗಿಬಿಟ್ಟ.

ಗುರುಗಳು ಅವನ ಮುಖ ನೋಡಿದರು. ಪಾಪ, ರಾತ್ರಿ ನಿದ್ದೆ ಮಾಡಿದವನ ಮುಖವಲ್ಲ ಅದು. "ಕೂತುಕೋ. ಒಬ್ಬ ದರ್ಜಿಯ ಕತೆ ಹೇಳುತ್ತೇನೆ" ಎಂದು ಆರಂಭಿಸಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದ. ಕೆಲಸದಲ್ಲಿ ಬಲು ಅಚ್ಚುಕಟ್ಟು. ಒಂದು ಗುಂಡಿ ವಾರೆಯಾದರೂ ಅಂಗಿಯನ್ನು ಗಿರಾಕಿಯ ಕೈಗೆ ಕೊಡುತ್ತಿರಲಿಲ್ಲ. ಅವನ ಹೆಂಡತಿಗೆ ಎದೆನೋವು ಬಂದ ದಿನ ಆಸ್ಪತ್ರೆಗೆ ಹೋಗಲು ಗಾಡಿ ಸಿಗುವುದು ತಡವಾಯಿತು. ಅವಳು ಉಳಿಯಲಿಲ್ಲ. ಅದಾದ ಮೇಲೆಯೇ ಅವನು ಒಂದು ಹಳೆಯ ಕಾರನ್ನು ಕೊಂಡು ಮನೆಯ ಮುಂದೆ ನಿಲ್ಲಿಸಿಕೊಂಡದ್ದು. ಶೋಕಿಗೆ ಕೊಂಡ ಕಾರಲ್ಲ, ಹೆದರಿಕೆಗೆ ಕೊಂಡದ್ದು.

ಅವನಿಗೆ ಒಬ್ಬಳೇ ಮಗಳು. ಮದುವೆಯಾಗಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಎಂಟು ತಿಂಗಳು ತುಂಬಿತ್ತು. ಸರಿಯಾಗಿ ಆಗಲೇ ಕಾರು ಕೈಕೊಟ್ಟಿತು. ಹೊರಟರೆ ಗಡಗಡ ನಡುಗುವುದು, ಏರು ಬಂದರೆ ಉಸಿರು ಕಟ್ಟಿ ನಿಲ್ಲುವುದು. ಪೇಟೆಯ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಏರೇ ಇತ್ತು. ದರ್ಜಿ ಕಾರನ್ನು ಮೆಕ್ಯಾನಿಕ್ ಹತ್ತಿರ ಒಯ್ದ.

ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವುದು ಕಾಯಿಲ್ ಎಂಬ ಭಾಗ. ಆ ಕಾರಿನಲ್ಲಿ ಅಂಥವು ಮೂರು. ಕಾಯಿಲುಗಳು ಗಟ್ಟಿಯಾಗಿದ್ದವು. ಅವಕ್ಕೆ ಹೋಗುವ ವೈರುಗಳು ಮಾತ್ರ ವರ್ಷಾನುಗಟ್ಟಲೆ ಕಾವು ತಿಂದು, ಮೇಲಿನ ಹೊದಿಕೆ ಒಣಗಿದ ಸಿಪ್ಪೆಯ ಹಾಗೆ ಉದುರುತ್ತಿತ್ತು. ಮೆಕ್ಯಾನಿಕ್ ನಾಲ್ಕು ದಿನ ಕಾರು ಬಿಟ್ಟುಹೋಗಿ ಎಂದ. ನಾಲ್ಕು ದಿನ ಮನೆಯ ಮುಂದೆ ಕಾರಿಲ್ಲದಿರುವುದಕ್ಕೆ ದರ್ಜಿ ಒಪ್ಪಲಿಲ್ಲ. ಹೇಗೆ ಹಾಕುವುದೆಂದು ಕೇಳಿ ತಿಳಿದುಕೊಂಡು, ತುದಿಗೆ ಪ್ಲಾಸ್ಟಿಕ್ ಕ್ಲಿಪ್ಪಿರುವ ಮೂರು ಹೊಸ ವೈರಿನ ತುಂಡುಗಳನ್ನು ಕೊಂಡು ಮನೆಗೆ ತಂದ.

ಮರುದಿನ ಅಂಗಡಿ ತೆರೆಯಲಿಲ್ಲ. ಮೊದಲು ಬ್ಯಾಟರಿಯ ತಂತಿ ಬಿಚ್ಚಿದ. ಮೂರನ್ನೂ ಒಟ್ಟಿಗೆ ಕತ್ತರಿಸದೆ, ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ. ಹಳೆಯ ವೈರನ್ನು ಗಟ್ಟಿಯಿದ್ದ ಜಾಗದವರೆಗೆ ಕತ್ತರಿಸಿ, ಬಣ್ಣಕ್ಕೆ ಬಣ್ಣ ಹೊಂದಿಸಿ ಹೊಸದನ್ನು ಬೆಸೆದ. ಬೆಸುಗೆಯ ಮೇಲೆ ಹೊದಿಕೆ ಏರಿಸಿದ. ಕ್ಲಿಪ್ಪನ್ನು ಕಾಯಿಲಿಗೆ ಒತ್ತಿದಾಗ ಟಕ್ಕೆಂದು ಸದ್ದಾಯಿತು. ಸರಿಯಾಗಿ ಕೂತಿತು ಎಂಬುದಕ್ಕೆ ಅದೇ ಗುರುತು. ಕಾರು ಎಣ್ಣೆ ಬಿಟ್ಟ ಹೊಲಿಗೆ ಮೆಷೀನಿನ ಹಾಗೆ ನಯವಾಗಿ ಓಡಿತು. ಮಗಳನ್ನು ಕೂರಿಸಿಕೊಂಡು ಆ ಏರನ್ನು ಒಮ್ಮೆ ಹತ್ತಿಸಿ ಇಳಿಸಿಯೂ ಬಂದ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡ.

ಅಲ್ಲಿಗೆ ಬಿಟ್ಟಿದ್ದರೆ ಕತೆಯೇ ಇರುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಎದ್ದವನಿಗೆ ಒಂದು ಅನುಮಾನ ಬಂತು. ಕೂತದ್ದು ಹಾಗೆಯೇ ಕೂತಿದೆಯೋ ಇಲ್ಲವೋ? ಬಾನೆಟ್ ಎತ್ತಿ, ಕ್ಲಿಪ್ಪನ್ನು ಅದುಮಿ ಕಿತ್ತು ನೋಡಿದ. ಒಳಗಿನ ಪಿನ್ನುಗಳು ಥಳಥಳ ಹೊಳೆಯುತ್ತಿದ್ದವು. ಮತ್ತೆ ಒತ್ತಿದ. ಟಕ್ಕೆಂದಿತು. ಆ ಸದ್ದು ಕೇಳಿ ಅವನ ಮನಸ್ಸು ಸಂಜೆಯವರೆಗೆ ಹಗುರಾಗಿತ್ತು.

ಹಾಗಾಗಿ ದಿನಾ ಕಿತ್ತು ನೋಡತೊಡಗಿದ. ಮೂರು ವಾರ ಕಳೆಯುವಷ್ಟರಲ್ಲಿ ಸದ್ದು ಸ್ವಲ್ಪ ಮಂದವಾಯಿತು. ಅವನಿಗೆ ದಿಗಿಲಾಗಿ ದಿನಕ್ಕೆ ಎರಡು ಸಲ ನೋಡಿದ. ಅವನನ್ನು ನೋಡಿ ನಗಬೇಡ, ಪುಟ್ಟಬಸಪ್ಪ. ಒಮ್ಮೆ ಕಳೆದುಕೊಂಡವನ ಕೈ ಸುಮ್ಮನಿರುವುದಿಲ್ಲ.

ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಮಗಳಿಗೆ ನೋವು ಕಾಣಿಸಿಕೊಂಡಿತು. "ಅಪ್ಪಾ, ಹೊರಡೋಣ" ಎಂದು ಅವಳು ಗೋಡೆ ಹಿಡಿದು ನಿಂತಳು. ದರ್ಜಿ ಓಡಿದ. ಓಡಿದ್ದು ಕಾರಿನ ಬಾಗಿಲಿಗಲ್ಲ, ಬಾನೆಟ್ಟಿಗೆ. ಇದೊಂದು ಸಲ ನೋಡಿಬಿಡೋಣ ಎಂದುಕೊಂಡು ನಡುವಿನ ಕ್ಲಿಪ್ಪನ್ನು ಕಿತ್ತ. ಅದರ ಕಚ್ಚಿಕೊಳ್ಳುವ ಕೊಕ್ಕೆ ಮುರಿದು ಕೈಗೇ ಬಂತು. ಒತ್ತಿದರೆ ನಿಲ್ಲಲಿಲ್ಲ, ಸದ್ದೂ ಇಲ್ಲ. ಹೊಲಿಗೆ ದಾರದಿಂದ ಬಿಗಿದು ಕಟ್ಟಿ ಹೊರಟ. ಏರಿನ ಅರ್ಧದಲ್ಲಿ ದಾರ ಸಡಿಲಿ ಕ್ಲಿಪ್ಪು ಕಳಚಿತು. ಕಾರು ನಡುಗಿ ನಡುಗಿ ನಿಂತಿತು.

ನಡುರಸ್ತೆಯಲ್ಲಿ ದರ್ಜಿ ಎರಡೂ ಕೈ ಎತ್ತಿ ನಿಂತ. ಹೆಂಡತಿ ಹೋದ ದಿನವೂ ಅವನು ಹಾಗೆಯೇ ನಿಂತಿದ್ದ. ಹಿಂದೆ ಹಿಟ್ಟಿನ ಮೂಟೆ ತುಂಬಿಕೊಂಡು ಬರುತ್ತಿದ್ದ ಒಂದು ಗೂಡ್ಸ್ ಆಟೋ ನಿಂತಿತು. ಮಗಳು ಮೂಟೆಗೆ ಒರಗಿ ಅಪ್ಪನ ಕೈ ಹಿಡಿದುಕೊಂಡೇ ಆಸ್ಪತ್ರೆ ಸೇರಿದಳು.

ನಿಂತ ಕಾರನ್ನು ನೋಡಲು ಮೂರನೆಯ ದಿನ ಮೆಕ್ಯಾನಿಕ್ ಬಂದ. ಬೆಸುಗೆಯ ಮೇಲೆ ಬೆರಳಾಡಿಸಿ ತಲೆದೂಗಿದ. "ವೈರಿನ ಕೆಲಸ ನಮಗಿಂತ ಚೆನ್ನಾಗಿ ಮಾಡಿದ್ದೀರಿ, ಯಜಮಾನ್ರೇ. ಆದ್ರೆ ಈ ಕ್ಲಿಪ್ಪು ಯಾಕೆ ಹೀಗೆ ಸವೆದಿದೆ? ದಿನಾ ಕೀಳ್ತಿದ್ರಾ?"

"ಸರಿಯಾಗಿ ಕೂತಿದೆಯೋ ಇಲ್ವೋ ಅಂತ ನೋಡ್ತಿದ್ದೆ ಕಣಪ್ಪ."

"ಮೊದಲನೇ ದಿನಾನೇ ಕೂತಿತ್ತಲ್ಲ" ಎಂದ ಮೆಕ್ಯಾನಿಕ್. ಅವನ ದನಿಯಲ್ಲಿ ಬೈಗುಳವಿರಲಿಲ್ಲ. ಅದಕ್ಕೇ ಇರಬೇಕು, ದರ್ಜಿಯ ಕಣ್ಣು ತುಂಬಿ ಬಂತು.

ಗುರುಗಳು ಕತೆ ನಿಲ್ಲಿಸಿ, ಪಕ್ಕದಲ್ಲಿದ್ದ ತಂಬಿಗೆಯಿಂದ ನೀರು ಕುಡಿದರು.

ಪುಟ್ಟಬಸಪ್ಪನಿಗೆ ತಡೆಯಲಾಗಲಿಲ್ಲ. "ಮಗು, ಬುದ್ಧಿ? ತಾಯಿ?"

"ಇಬ್ಬರೂ ಚೆನ್ನಾಗಿದ್ದಾರೆ. ಹೆಣ್ಣು ಮಗು. ಅಜ್ಜನೇ ಕುಲಾವಿ ಹೊಲಿದ."

ಪುಟ್ಟಬಸಪ್ಪ ನಿಟ್ಟುಸಿರು ಬಿಟ್ಟ. ಟವೆಲ್ಲಿನಿಂದ ಹಣೆ ಒರೆಸಿಕೊಂಡ. ತನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲವೆಂದುಕೊಂಡು ಕಾಯುತ್ತ ಕುಳಿತ.

ಗುರುಗಳು ಮೆಲ್ಲಗೆ ಕೇಳಿದರು: "ಈ ನಾಲ್ಕು ತಿಂಗಳಲ್ಲಿ ನಿಮ್ಮ ಅಣ್ಣನನ್ನು ನೀನು ಎಷ್ಟು ಸಲ ಕಿತ್ತು ನೋಡಿದೆ, ಪುಟ್ಟಬಸಪ್ಪ?"