ಗವಿರಂಗ ಮಾನಿಟರ್ ತಂದದ್ದು

ಪೆದ್ದರಿಲ್ಲದ ಊರಿಲ್ಲ. ಇದೆ ಅಂತ ಯಾರಾದರೂ ಹೇಳಿದರೆ ಅವರು ತಮ್ಮ ಊರನ್ನು ಸರಿಯಾಗಿ ನೋಡಿಲ್ಲ, ಅಷ್ಟೇ. ನಮ್ಮ ಹೊಸದುರ್ಗದಲ್ಲೂ ಒಬ್ಬನಿದ್ದ. ಬಸ್ ಸ್ಟ್ಯಾಂಡ್ ಪಕ್ಕ ಇಡ್ಲಿ ಮಾರುವ ಹನುಮಕ್ಕನ ಮಗ, ಗವಿರಂಗ ಅಂತ ಹೆಸರು. ಆಳು ನೋಡಿದರೆ ಆರಡಿ, ಮನಸ್ಸು ನೋಡಿದರೆ ಬೆಣ್ಣೆ. ಕೊರತೆ ಅಂತ ಇದ್ದದ್ದು ಒಂದೇ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಯಾಕೆ ಹೇಳಿದರು, ಯಾವುದಕ್ಕೆ ಹೇಳಿದರು, ಅದೆಲ್ಲ ಅವನ ಲೆಕ್ಕಕ್ಕಿಲ್ಲ. "ಹಾಲು ಉಕ್ಕುತ್ತೆ, ನೋಡ್ತಿರು" ಅಂದರೆ ಹಾಲು ಉಕ್ಕಿ, ಒಲೆ ಆರಿ, ಹೊಸಿಲು ದಾಟಿ ಬೀದಿಗಿಳಿಯುವ ತನಕ ನೋಡಿ, "ಉಕ್ತು ಕಣವ್ವಾ" ಅಂತ ಬಂದು ಹೇಳುತ್ತಿದ್ದ.

"ಅಯ್ಯೋ ನನ್ನ ಹಣೇಬರಾವೇ" ಅಂತ ಹನುಮಕ್ಕ ದಿನಕ್ಕೆ ಹತ್ತು ಸಲ ಹಣೆ ಚಚ್ಚಿಕೊಳ್ಳುತ್ತಿದ್ದಳು. ಚಚ್ಚಿಕೊಂಡೂ ಚಚ್ಚಿಕೊಂಡೂ ಅವಳ ಹಣೆಯಲ್ಲಿ ಕುಂಕುಮ ನಿಲ್ಲುವುದೇ ಕಷ್ಟವಾಗಿತ್ತು.

ಗವಿರಂಗನಿಗೆ ಒಬ್ಬಳು ತಂಗಿ, ತೇಜು. ಕಾಲೇಜು ಹುಡುಗಿ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟದಲ್ಲಿ ಅವಳದು ಎತ್ತಿದ ಕೈ. ಆಡುತ್ತ ಆಡುತ್ತ ಜಿಲ್ಲೆಯ ಕೊನೆಯ ಪಂದ್ಯದ ತನಕ ಬಂದುಬಿಟ್ಟಿದ್ದಳು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಮನೆಯಲ್ಲೇ ಕೂತು ಆಡಬೇಕು. ಗೆದ್ದರೆ ಮೈಸೂರು, ರಾಜ್ಯದ ಪಂದ್ಯ. ಹನ್ನೊಂದಕ್ಕೆ ಕೂರದಿದ್ದರೆ ಆಟವೇ ಇಲ್ಲ.

ಬುಧವಾರ ಅವಳ ಹಳೇ ಮಾನಿಟರ್ ಟಪ್ ಅಂತ ಸದ್ದು ಮಾಡಿ ಕಣ್ಣು ಮುಚ್ಚಿತು. ತೇಜು ಅಳಲಿಲ್ಲ, ಊಟ ಬಿಟ್ಟಳು. ಮಗಳು ಊಟ ಬಿಟ್ಟರೆ ಹನುಮಕ್ಕನಿಗೆ ತಡೆಯುವುದಿಲ್ಲ. ಕಿವಿಯೋಲೆಗೆ ಅಂತ ಕೂಡಿಟ್ಟಿದ್ದ ಹತ್ತು ಸಾವಿರ ತೆಗೆದಳು. ಆದರೆ ಅಂಗಡಿಗೆ ಹೋಗುವವರು ಯಾರು? ತೇಜುಗೆ ಪರೀಕ್ಷೆ, ಹನುಮಕ್ಕನಿಗೆ ಇಡ್ಲಿ. ಉಳಿದವನು ಗವಿರಂಗ.

"ಅಣ್ಣ, ಸರಿಯಾಗಿ ಕೇಳಿಸ್ಕೊ" ಅಂದಳು ತೇಜು. "ಇಪ್ಪತ್ನಾಲ್ಕು ಇಂಚು. ಅದಕ್ಕಿಂತ ಚಿಕ್ಕದು ಬೇಡ, ದೊಡ್ಡದೂ ಬೇಡ. ಅಗಲ ಅಲ್ಲ, ಮೂಲೆಯಿಂದ ಮೂಲೆಗೆ ಅಳೀಬೇಕು. ಅಂಗಡಿಯೋರ ಮಾತು ನಂಬಬೇಡ, ನೀನೇ ಟೇಪು ಹಿಡಿದು ಅಳಿ."

"ಹೂಂ ಕಣಮ್ಮ, ಮೂಲೆಯಿಂದ ಮೂಲೆಗೆ" ಅಂದ ಗವಿರಂಗ. ತಂಗಿಗಾಗಿ ಅವನು ಬೆಂಕಿಯಲ್ಲಿ ನಡೆ ಅಂದರೂ ನಡೆಯುವವನು. ದರ್ಜಿ ಹತ್ತಿರ ಟೇಪು ಇಸಕೊಂಡು ದಾರಿಯುದ್ದಕ್ಕೂ "ಮೂಲೆಯಿಂದ ಮೂಲೆಗೆ, ಮೂಲೆಯಿಂದ ಮೂಲೆಗೆ" ಅಂತ ಜಪ ಮಾಡುತ್ತ ರುದ್ರಣ್ಣನ ಕಂಪ್ಯೂಟರ್ ಅಂಗಡಿಗೆ ಹೋದ.

ರುದ್ರಣ್ಣ ತೋರಿಸಿದ್ದನ್ನು ಅವನು ನೋಡಲೇ ಇಲ್ಲ. ಗೋಡೆಗೆ ಪೇರಿಸಿಟ್ಟಿದ್ದ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಅಳೆದ. ಒಂದು ಡಬ್ಬಿ ಮೂಲೆಯಿಂದ ಮೂಲೆಗೆ ಕರಾರುವಾಕ್ಕಾಗಿ ಇಪ್ಪತ್ನಾಲ್ಕು ಬಂತು. ದುಡ್ಡು ಕೊಟ್ಟ, ತಲೆ ಮೇಲೆ ಹೊತ್ತ, ಮನೆಗೆ ಬಂದ.

ಡಬ್ಬಿ ಬಿಚ್ಚಿದರೆ ಒಳಗೆ ಹದಿನೆಂಟು ಇಂಚಿನ ಪುಟಾಣಿ ಪರದೆ, ಸುತ್ತ ಥರ್ಮಾಕೋಲು.

"ಅಯ್ಯೋ ನನ್ನ ಹಣೇಬರಾವೇ" ಅಂದಳು ಹನುಮಕ್ಕ. "ಡಬ್ಬಿ ಅಳೆದು ತಂದ್ಯೇನೋ? ಯಾವ ಸಾಮಾನೇ ಆಗ್ಲಿ, ಮೊದಲು ಮುಚ್ಚಳ ತೆಗೀಬೇಕು, ಒಳಗಿರೋದನ್ನ ಹೊರಗಿಡಬೇಕು, ಒರೆಸಿ, ತಿರುಗಿಸಿ ಮುರುಗಿಸಿ ನೋಡಬೇಕು. ಆಮೇಲೆ ಹೊರಬೇಕು."

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ" ಅಂದ ಗವಿರಂಗ.

ಶುಕ್ರವಾರ ಬೆಳಿಗ್ಗೆ ಪಾಪಯ್ಯನವರ ಮನೆಯಲ್ಲಿ ಸೊಸೆಗೆ ಸೀಮಂತ. ಇನ್ನೂರು ಇಡ್ಲಿ ಹೇಳಿದ್ದರು. ಹನುಮಕ್ಕ ಕುಕ್ಕೆ ತುಂಬಿ ಮಗನ ತಲೆ ಮೇಲಿಟ್ಟು, "ಇದನ್ನ ಕೊಟ್ಟು ಬಾ. ಬಂದ ಮೇಲೆ ಆ ಡಬ್ಬಿ ತಗಂಡು ರುದ್ರಣ್ಣನ ಅಂಗಡಿಗೆ ಹೋಗು" ಅಂದಳು.

ಗವಿರಂಗ ಹತ್ತು ಹೆಜ್ಜೆ ಹೋದ. ಅವ್ವನ ಮಾತು ನೆನಪಾಯಿತು. ಹುಣಸೆಮರದ ಕೆಳಗೆ ಕುಕ್ಕೆ ಇಳಿಸಿ, ಮುಚ್ಚಳ ತೆಗೆದು, ಟವೆಲ್ ಹಾಸಿ, ಇಡ್ಲಿಗಳನ್ನೆಲ್ಲ ಸಾಲಾಗಿ ಹೊರಗಿಟ್ಟ. ಒಂದೊಂದನ್ನೂ ಎತ್ತಿ ಅಂಗಿಯ ತುದಿಯಲ್ಲಿ ಒರೆಸಿದ, ಬೆನ್ನು ನೋಡಿದ, ಹೊಟ್ಟೆ ನೋಡಿದ, ಬಿಸಿಲಿಗೆ ಹಿಡಿದು ನೋಡಿದ. ಇನ್ನೂರು ಇಡ್ಲಿ ಸ್ವಾಮಿ, ಸುಮ್ಮನೇನಾ? ಅವನು ಸೀಮಂತದ ಮನೆ ಮುಟ್ಟುವ ಹೊತ್ತಿಗೆ ಬಂದವರು ಅವಲಕ್ಕಿ ತಿಂದು ಎಲೆ ಅಡಿಕೆಗೆ ಕೂತಿದ್ದರು. ಇಡ್ಲಿಗಳು ಒಣಗಿ ಕಲ್ಲಾಗಿದ್ದವು. ಪಾಪಯ್ಯ ಒಂದನ್ನು ಮುರಿಯಲು ನೋಡಿ, ಆಗದೆ, ಕುಕ್ಕೆಯ ಸಮೇತ ವಾಪಸ್ಸು ಕಳಿಸಿದರು.

"ಅಯ್ಯೋ ನನ್ನ ಹಣೇಬರಾವೇ. ಇಡ್ಲೀನ ಯಾರಾದ್ರೂ ಒರೆಸ್ತಾರೇನೋ? ಒದ್ದೆ ಬಟ್ಟೆ ಸುತ್ತಿ, ಆವಿ ಆರೋಕೆ ಬಿಡದೆ, ಎಲ್ಲೂ ನಿಲ್ಲದೆ ಒಂದೇ ಉಸಿರಿಗೆ ಓಡಿ ಹೋಗಿ ಮುಟ್ಟಿಸಬೇಕು."

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ" ಅಂದ.

ತೇಜು ಈ ಸಲ ಹುಷಾರಾಗಿ ಹೇಳಿದಳು. "ಅಣ್ಣ, ಪರದೆ ಅಂದ್ರೆ ಬರೀ ಚುಕ್ಕಿ. ಅಡ್ಡಕ್ಕೆ ಸಾವಿರದ ಒಂಬೈನೂರ ಇಪ್ಪತ್ತು ಚುಕ್ಕಿ, ಉದ್ದಕ್ಕೆ ಸಾವಿರದ ಎಂಬತ್ತು ಸಾಲು. ಇಪ್ಪತ್ನಾಲ್ಕು ಇಂಚಿಗೆ ಅಷ್ಟಿದ್ರೆ ಸಾಕು. ಕಮ್ಮಿ ಆದ್ರೆ ರಸ್ತೆ ಮಸುಕಾಗುತ್ತೆ. ಜಾಸ್ತಿ ಆದ್ರೆ ನಮ್ಮ ಬಡಪಾಯಿ ಕಂಪ್ಯೂಟರು ಎಳೆಯಲ್ಲ, ದುಡ್ಡೂ ಸಾಲಲ್ಲ. ಅಷ್ಟು ಚುಕ್ಕಿ ಇರೋದನ್ನ ಖಾತ್ರಿ ಮಾಡ್ಕೊಂಡೇ ತಗೊ."

ಖಾತ್ರಿ ಮಾಡಿಕೊಳ್ಳುವುದು ಅಂದರೆ ಹೇಗೆ? ಗವಿರಂಗನಿಗೆ ತಿಳಿದದ್ದು ಒಂದೇ ದಾರಿ. ರುದ್ರಣ್ಣನ ಅಂಗಡಿಯಲ್ಲಿ ಹದಿನೆಂಟು ಇಂಚಿನದನ್ನು ವಾಪಸ್ಸು ಕೊಟ್ಟು, ಇಪ್ಪತ್ನಾಲ್ಕು ಇಂಚಿನದನ್ನು ಹೊರಗೆ ತೆಗೆಸಿ, ಹಚ್ಚಿಸಿ, ಗಾಜಿಗೆ ಮೂಗು ತಾಗಿಸಿಕೊಂಡು ಎಣಿಸಲು ಕೂತ. ಒಂದು, ಎರಡು, ಮೂರು. ಸಾವಿರದ ಇನ್ನೂರಕ್ಕೆ ಬಂದಾಗ ರುದ್ರಣ್ಣ, "ಟೀ ಕುಡೀತೀಯೇನಪ್ಪ?" ಅಂತ ಕೇಳಿದರು. ಲೆಕ್ಕ ತಪ್ಪಿತು. ಮತ್ತೆ ಒಂದು, ಎರಡು, ಮೂರು. ಆಮೇಲೊಂದು ನೊಣ ಬಂದು ಕೂತಿತು. ಅದನ್ನು ಚುಕ್ಕಿಯಲ್ಲಿ ಸೇರಿಸುವುದೋ ಬಿಡುವುದೋ ತಿಳಿಯದೆ ಮತ್ತೆ ಮೊದಲಿಂದ. ಮಧ್ಯಾಹ್ನ ಹೋಯಿತು, ಸಂಜೆಯಾಯಿತು. ಗಿರಾಕಿಗಳು ಬಂದು, ನಿಂತು, ಇವನನ್ನು ನೋಡಿ ನಕ್ಕು ಹೋದರು. ರುದ್ರಣ್ಣನಿಗೆ ತಾಳ್ಮೆ ಕೆಟ್ಟಿತು.

"ಇಲ್ಲಿ ನೋಡಪ್ಪ, ಡಬ್ಬಿ ಮೇಲೆ ಅಚ್ಚು ಹಾಕಿಸವ್ರೆ. ಸಾವಿರದ ಒಂಬೈನೂರ ಇಪ್ಪತ್ತು, ಸಾವಿರದ ಎಂಬತ್ತು. ಕಂಪನಿಯೋರು ಆಗ್ಲೇ ಎಣಿಸವ್ರೆ. ಕೈ ಮುಗೀತೀನಿ, ತಗಂಡು ಹೋಗು."

ಗವಿರಂಗನಿಗೆ ಸಮಾಧಾನವಾಯಿತು. ಒಳ್ಳೆ ಸಾಮಾನು ಸಿಕ್ಕಿದೆ, ಇನ್ನು ಇದರ ಆವಿ ಆರಬಾರದು. ಟವೆಲನ್ನು ಬೀದಿ ನಲ್ಲಿಯಲ್ಲಿ ನೆನೆಸಿ, ಮಾನಿಟರಿಗೆ ನಾಲ್ಕು ಸುತ್ತು ಸುತ್ತಿ, ಎದೆಗವಚಿಕೊಂಡು ಒಂದೇ ಉಸಿರಿಗೆ ಓಡಿದ.

"ಇಷ್ಟೊತ್ತು ಏನ್ ಮಾಡ್ತಿದ್ದೆ?" ಅಂದಳು ಬಾಗಿಲಲ್ಲೇ ಕಾದಿದ್ದ ಹನುಮಕ್ಕ.

"ಚುಕ್ಕಿ ಎಣಿಸ್ತಿದ್ದೆ ಕಣವ್ವ."

"ಚುಕ್ಕಿ ಎಣಿಸ್ತಿದ್ನಂತೆ. ನಾನು ದಿನಾ ಬಾಗಿಲಿಗೆ ರಂಗೋಲಿ ಹಾಕಲ್ವೇನೋ? ಎಣಿಸ್ತಾ ಕೂರ್ತೀನಾ? ಚುಕ್ಕಿ ಕಮ್ಮಿ ಬಿತ್ತು ಅಂದ್ರೆ ಕೈಯಾರೆ ನಾಲ್ಕು ಇಟ್ಟು ಸರಿ ಮಾಡ್ಕೊಂಡು ಮುಂದಿನ ಕೆಲಸ ನೋಡಬೇಕು."

ಅಷ್ಟರಲ್ಲಿ ಟವೆಲಿನಿಂದ ನೀರು ತೊಟಿಕ್ಕುವುದು ತೇಜು ಕಣ್ಣಿಗೆ ಬಿತ್ತು. ಅವಳು ಅಲ್ಲೇ ಗೋಡೆಗೊರಗಿ ಕೂತಳು. ಹನುಮಕ್ಕನಿಗೆ ಹಣೆ ಚಚ್ಚಿಕೊಳ್ಳಲೂ ಕೈ ಏಳಲಿಲ್ಲ.

"ಲೋ, ಕರೆಂಟಿನ ಸಾಮಾನಿಗೆ ನೀರು ತಾಗಿಸ್ತಾರೇನೋ? ಒಂದು ಹನಿ, ಒಂದೇ ಒಂದು ಹನಿ ನೀರೂ ಇದರ ಹತ್ರ ಸುಳೀಬಾರದು. ಯಾರೇ ತಂದ್ರೂ ಬಿಡಬೇಡ. ನಾಳೆ ಬಿಸಿಲಿಗಿಟ್ಟು ಕಾಯಿ."

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಶನಿವಾರವಿಡೀ ಗವಿರಂಗ ತಾರಸಿಯ ಮೇಲೆ ಮಾನಿಟರ್ ಕಾದ. ಅಲ್ಲೇ ಸಂಡಿಗೆ ಒಣಹಾಕಿದ್ದ ಪಕ್ಕದ ಮನೆಯ ಹೆಂಗಸು ಗಳಿಗೆಗೊಮ್ಮೆ ಸಂಡಿಗೆ ಮಗುಚುತ್ತಿದ್ದರೆ ಇವನೂ ಮಾನಿಟರ್ ಮಗುಚಿದ. ಕೋಲು ಹಿಡಿದು ಕಾಗೆ ಓಡಿಸಿದ. ಅಂತೂ ಹೆದರಿ ಹೆದರಿ ಭಾನುವಾರ ಬೆಳಿಗ್ಗೆ ಹಚ್ಚಿ ನೋಡಿದರೆ, ದೇವರು ದೊಡ್ಡವನು, ಪರದೆ ಬೆಳಗಿತು. ತೇಜು ಅಣ್ಣನ ಬೆನ್ನು ತಟ್ಟಿದಳು.

ಆದರೆ ಚಿತ್ರ ಮಸುಕು ಮಸುಕು. "ಕೇಬಲ್ಲು ಹಳೇದು, ಅದಕ್ಕೇ ಚುಕ್ಕಿ ಕಮ್ಮಿ ಬರ್ತಾ ಇದಾವೆ" ಅಂತ ಗೊಣಗಿಕೊಂಡು, ಹೊಸ ಕೇಬಲ್ ಇಸಕೊಂಡು ಬರಲು ಗೆಳತಿಯ ಮನೆಗೆ ಓಡಿದಳು. ಆಗ ಗಂಟೆ ಹತ್ತು. ಹನುಮಕ್ಕ ಬಸ್ ಸ್ಟ್ಯಾಂಡಿನಲ್ಲಿ. ಗವಿರಂಗ ಹಿತ್ತಲಲ್ಲಿ ನಾಳೆಯ ಇಡ್ಲಿಗೆ ಹಿಟ್ಟು ರುಬ್ಬುತ್ತಿದ್ದ. ಉದ್ದು ರುಬ್ಬಿ ಮುಗಿದಿತ್ತು, ಇನ್ನು ಅಕ್ಕಿ ಹಾಕಬೇಕು.

ಅವನ ಕಿವಿಯಲ್ಲಿ ತಂಗಿಯ ಮಾತು ಗುಂಯ್‌ಗುಟ್ಟಿತು. ಚುಕ್ಕಿ ಕಮ್ಮಿ. ಪಾಪ, ಹನ್ನೊಂದಕ್ಕೆ ಪಂದ್ಯ, ಹುಡುಗಿ ಬಿಸಿಲಲ್ಲಿ ಅಲೀತಾ ಇದಾಳೆ, ನಾನು ಇಲ್ಲಿ ಸುಮ್ಮನೆ ಕೂತಿದೀನಲ್ಲ. ಅವ್ವ ಏನಂದಿದ್ದಳು? ಕೈಯಾರೆ ಇಟ್ಟು ಸರಿ ಮಾಡಬೇಕು.

ಕೈಯಲ್ಲೇ ಇತ್ತು ಬೆಳ್ಳಗೆ, ನುಣ್ಣಗೆ ಉದ್ದಿನ ಹಿಟ್ಟು. ಒಂದು ಬೆಂಕಿಕಡ್ಡಿ ತಗೊಂಡು ಒಳಗೆ ಬಂದ. ಪರದೆಯ ಮೇಲ್ತುದಿಯ ಎಡ ಮೂಲೆಯಿಂದ ಶುರು ಮಾಡಿದ. ಒಂದು ಚುಕ್ಕಿ, ಎರಡು ಚುಕ್ಕಿ, ಮೂರು ಚುಕ್ಕಿ. ಜಾಗ ಸಾಲದ ಕಡೆ ಚುಕ್ಕಿಯ ಮೇಲೇ ಚುಕ್ಕಿ ಇಟ್ಟ.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಕೇಬಲ್ ಹಿಡಿದು ತೇಜು ಬಂದಳು. ಅವಳ ಹಿಂದೆಯೇ ಹನುಮಕ್ಕ ಬಂದಳು.

"ಒಂದು ಸಾಲು ಮುಗೀತು ಕಣಮ್ಮ, ಎರಡನೇದು ಅರ್ಧ ಆಗೈತೆ" ಅಂದ ಗವಿರಂಗ, ಬೆವರು ಒರೆಸಿಕೊಳ್ಳುತ್ತ.

ಹನುಮಕ್ಕ ಒದ್ದೆ ಬಟ್ಟೆ ತರಲು ಓಡಿದಳು. ತಂದರೆ ಗವಿರಂಗ ಎರಡೂ ಕೈ ಚಾಚಿ ಮಾನಿಟರಿಗೆ ಅಡ್ಡ ನಿಂತಿದ್ದಾನೆ.

"ನೀರು ತಾಗಿಸಂಗಿಲ್ಲ ಕಣವ್ವ. ಯಾರೇ ತಂದ್ರೂ ಬಿಡಬೇಡ ಅಂದಿದ್ದು ನೀನೇ."

ಆರಡಿ ಆಳು. ತಳ್ಳಿದರೆ ಅಲುಗುವವನಲ್ಲ. ಒಣಬಟ್ಟೆಯಲ್ಲಿ ಒರೆಸಲು ಹೋದರೆ ಉದ್ದು ಬಿಡುತ್ತದೆಯೇ? ಇನ್ನಷ್ಟು ಬಳಿದುಕೊಂಡಿತು. ಗಂಟೆ ನೋಡಿದರೆ ಹನ್ನೊಂದಕ್ಕೆ ಎರಡು ನಿಮಿಷ. "ಬಿಡವ್ವ, ಹಂಗೇ ಆಡ್ತೀನಿ" ಅಂತ ತೇಜು ಕೇಬಲ್ ಸಿಕ್ಕಿಸಿ ಕೂತುಬಿಟ್ಟಳು.

ಪಂದ್ಯ ಶುರುವಾಯಿತು. ಹೊಸ ಕೇಬಲ್ಲಿಗೆ ಚಿತ್ರ ಕನ್ನಡಿಯ ಹಾಗೆ ಬಂತು. ಹಿಟ್ಟು ಇದ್ದದ್ದು ಮೇಲ್ತುದಿಯಲ್ಲಿ, ಆಕಾಶದ ಮೇಲೆ. ಕೆಳಗೆ ರಸ್ತೆ ನಿಚ್ಚಳವಾಗಿ ಕಾಣುತ್ತಿತ್ತು. ಆದರೆ ಪರದೆ ಬಿಸಿಯಾದ ಹಾಗೆ ಹಿಟ್ಟು ಮೆಲ್ಲಗೆ ಇಳಿಯತೊಡಗಿತು. ಮೊದಲು ಗುಡ್ಡ ಮುಚ್ಚಿತು. ಆಮೇಲೆ ಮರಗಳು ಹೋದವು. ಅಲ್ಲಿ ಎದುರಾಳಿಗಳ ಏಳು ಕಾರು ಓಡುತ್ತಿದ್ದರೆ ತೇಜುಗೆ ಎಂಟನೆಯ ಎದುರಾಳಿ ಉದ್ದಿನ ಹಿಟ್ಟು. ಅವಳು ಬಗ್ಗಿದಳು, ವಾಲಿದಳು, ಕೊನೆಗೆ ಮೇಜಿಗೆ ಗದ್ದ ಊರಿ ಉಳಿದ ಸಂದಿಯಲ್ಲೇ ನೋಡುತ್ತ ಓಡಿಸಿದಳು. ಗವಿರಂಗ ಉಸಿರು ಹಿಡಿದು ನಿಂತಿದ್ದ. ಹಿಟ್ಟು ರಸ್ತೆಗಿಳಿಯುವುದಕ್ಕೂ ಅವಳ ಕಾರು ಗೆರೆ ದಾಟುವುದಕ್ಕೂ ಸರಿಹೋಯಿತು. ಮೊದಲ ಸ್ಥಾನ. ಮೈಸೂರು.

ತೇಜು ಕುರ್ಚಿಯಿಂದ ನೆಗೆದು ಅಣ್ಣನ ಕೊರಳಿಗೆ ಜೋತುಬಿದ್ದಳು. ಹನುಮಕ್ಕ ಅತ್ತಳು. ಮೂರು ದಿನದ ಸಿಟ್ಟು, ಭಯ, ಖುಷಿ ಎಲ್ಲ ಸೇರಿ ಚೆನ್ನಾಗಿಯೇ ಅತ್ತಳು. ಕಣ್ಣೊರೆಸಿಕೊಂಡು ಸಕ್ಕರೆ ಡಬ್ಬ ತರಲು ಅಡುಗೆಮನೆಗೆ ಹೋದವಳು ಹಿತ್ತಲ ಕಡೆ ನೋಡಿ ಅಲ್ಲಿಂದಲೇ ಕೂಗಿದಳು.

"ಅಯ್ಯೋ ನನ್ನ ಹಣೇಬರಾವೇ. ಅಕ್ಕಿ ಹಂಗೇ ಐತಲ್ಲೋ. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ಎದ್ದು ಹೋಗ್ತಾರೇನೋ? ಇನ್ಮೇಲೆ ಯಾವ ಕೆಲಸಕ್ಕೇ ಕೈ ಹಾಕು, ಪೂರ್ತಿ ಮುಗಿಸದೆ ಮೇಲೆ ಏಳಬಾರದು."

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ" ಅಂದ.

ಅವ್ವ ಮಗಳು ಬೀದಿಯ ಮನೆ ಮನೆಗೂ ಸಕ್ಕರೆ ಹಂಚಿ, ಮಾತು ಕೇಳಿ, ಮಾತು ಹೇಳಿ, ಮಧ್ಯಾಹ್ನ ಎರಡು ಗಂಟೆಗೆ ತಿರುಗಿ ಬಂದರು. ಹಿತ್ತಲಲ್ಲಿ ಅಕ್ಕಿ ನೆನೆದದ್ದು ನೆನೆದ ಹಾಗೇ ಇತ್ತು. ಉದ್ದಿನ ಹಿಟ್ಟಿನ ಪಾತ್ರೆ ಮಾತ್ರ ಕಾಣಲಿಲ್ಲ.

ಒಳಗೆ ಬಂದು ನೋಡಿದರೆ ಪಾತ್ರೆ ಗವಿರಂಗನ ತೊಡೆಯ ಮೇಲಿತ್ತು. ಮಾನಿಟರ್ ಯಾವುದು ಹಿಟ್ಟು ಯಾವುದು ಗೊತ್ತಾಗುತ್ತಿರಲಿಲ್ಲ. ಅವನು ತಲೆ ಎತ್ತದೆ, ಕಡ್ಡಿ ನಿಲ್ಲಿಸದೆ ಹೇಳಿದ:

"ಮೂರು ಸಾಲು ಮುಗೀತು ಕಣವ್ವ. ಇನ್ನು ಸಾವಿರದ ಎಪ್ಪತ್ತೇಳು ಐತೆ. ಹಿಟ್ಟು ಸಾಲಂಗಿಲ್ಲ, ನೀನು ಇನ್ನೊಂದು ಸೇರು ಉದ್ದು ನೆನೆಹಾಕು."